ಶಿರೋಧಾರೆ ಕೋಣೆಯ ಹಲ್ಲಿ

ಎಣ್ಣೆ ಬೆಚ್ಚಗಾಗುವ ಕೋಣೆಯಲ್ಲಿ ಯಾರಿಗಾದರೂ ಅರ್ಧ ನಿದ್ದೆ ಬರುತ್ತದೆ, ಅರ್ಧ ನಿದ್ದೆಯಲ್ಲಿ ಮನುಷ್ಯರು ಏನು ಬೇಕಾದರೂ ಹೇಳುತ್ತಾರೆ. ಹಾಗಾಗಿ ನನ್ನ ಕ್ಲಿನಿಕ್ಕಿನಲ್ಲಿ ತಮಾಷೆಯ ಪ್ರಸಂಗಗಳಿಗೆ ಎಂದೂ ಬರ ಬಂದದ್ದಿಲ್ಲ.

ನಾನು ಉಡುಪಿ ಕಡೆಯವಳು, ಆಯುರ್ವೇದ ವೈದ್ಯೆ. ಕ್ವಾಲಾಲಂಪುರದ ಬಾಂಗ್ಸಾರ್‌ನಲ್ಲಿ ಒಂದು ಮಾಮಕ್, ಅಂದರೆ ತಮಿಳು ಮುಸ್ಲಿಮರ ಹೋಟೆಲಿನ ಮೇಲಿನ ಮಹಡಿಯಲ್ಲಿ ಕೂರುತ್ತೇನೆ. ಕೆಳಗಿನಿಂದ ರೋಟಿ ಬೇಯುವ ವಾಸನೆ ಹತ್ತಿಬರುತ್ತದೆ, ಮೇಲಿನಿಂದ ಕ್ಷೀರಬಲಾ ತೈಲದ ವಾಸನೆ ಇಳಿಯುತ್ತದೆ, ಎರಡೂ ಮೆಟ್ಟಿಲ ನಡುವೆ ಭೇಟಿಯಾಗಿ ಅಲ್ಲೇ ಕೂತುಬಿಡುತ್ತವೆ. ನಾಲ್ಕು ಗಂಟೆಗೆ ಮಳೆ ಬರುತ್ತದೆ. ಎಲ್‌ಆರ್‌ಟಿ ರೈಲು ಹೋದ ಸದ್ದು ಯಾರದೋ ಕನಸಿನೊಳಗಿಂದ ಹಾದು ಹೋದ ಹಾಗೆ ಕೇಳುತ್ತದೆ. ಆ ಹೊತ್ತಿನಲ್ಲಿ ಎಣ್ಣೆ ಹೊಯ್ಯಿಸಿಕೊಳ್ಳುವವರು ತೂಕಡಿಸುತ್ತಾರೆ, ನಾನೂ ತೂಕಡಿಸುತ್ತೇನೆ. ನಮ್ಮ ಅಕ್ಕ ಮಾತ್ರ ಎಚ್ಚರವಾಗಿರುತ್ತಾರೆ. ಅಕ್ಕ ಎಂದರೆ ರೋಗಿಯ ಹಣೆಗೆ ಎಣ್ಣೆಯ ಧಾರೆ ಹಿಡಿಯುವವರು, ಕ್ಲಾಂಗ್‌ನ ತಮಿಳು ಹೆಂಗಸು, ನನ್ನ ಜೊತೆ ಇದ್ದು ಇದ್ದು ಕನ್ನಡ ಕಲಿತವರು.

ಮುಂದೆ ಹೇಳುವುದೆಲ್ಲ ಒಬ್ಬ ರೋಗಿಯದ್ದು, ಮತ್ತು ಹಲ್ಲಿಯದ್ದು. ಅದಕ್ಕೆ ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ಹಲ್ಲಿ ಎಂದರೆ ನನಗೂ ಜೀವ ಹೋಗುತ್ತದೆ. ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಒಂದು ಹಲ್ಲಿ ಮೇಲಿಂದ ನನ್ನ ಕುತ್ತಿಗೆಯ ಹಿಂದೆ ಬಿತ್ತು. ಕೈಯಲ್ಲಿದ್ದ ಕುಟ್ಟಾಣಿಯ ಸಮೇತ ಹಾಸ್ಟೆಲಿನವರೆಗೆ ಓಡಿದ್ದೆ. ವೈದ್ಯರಿಗೆ ಭಯ ಇರಬಾರದೆಂದು ಯಾವ ಗ್ರಂಥದಲ್ಲೂ ಬರೆದಿಲ್ಲ, ಆದರೆ ರೋಗಿಗಳು ಹಾಗೆ ನಂಬಿರುತ್ತಾರೆ. ಆದ್ದರಿಂದ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಅವು ನಮ್ಮವು

ಆ ರೋಗಿ ಮೈಸೂರಿನವರು. ಗಂಡ ಸಾಫ್ಟ್‌ವೇರ್, ಮನೆ ಮಾಂಟ್ ಕಿಯಾರಾದ ಹದಿನೇಳನೇ ಮಹಡಿ. ಗಂಡನ ಜೊತೆ ಬಂದು ಕೂತವರು ಮೊದಲು ನನ್ನ ಕೋಣೆಯ ನಾಲ್ಕೂ ಮೂಲೆ ನೋಡಿದರು.

"ಅಡುಗೆಮನೇಲಿ ಫ್ರಿಜ್ ಹಿಂದೆ ಒಂದು ಹಲ್ಲಿ ಇದೆ ಡಾಕ್ಟ್ರೇ. ಮೇಲಿಂದ ಬಿದ್ರೆ ಅಂತ ಛತ್ರಿ ಹಿಡ್ಕೊಂಡೇ ಒಗ್ಗರಣೆ ಹಾಕ್ತೀನಿ."

ಗಂಡ ಮೆಲ್ಲಗೆ ಸೇರಿಸಿದರು: "ಮಳೆ ಬಂದ ದಿನ ಛತ್ರಿ ನಾನು ಆಫೀಸಿಗೆ ತಗೊಂಡ್ ಹೋಗ್ತೀನಿ. ಅವತ್ತು ಮನೇಲಿ ಅಡುಗೆ ಇಲ್ಲ, ಟಪಾವ್, ಹೋಟೆಲಿಂದ ಪಾರ್ಸೆಲ್."

"ಇಲ್ಲಿ ದಿನಾ ಮಳೆ ಅಲ್ವಾ ಮಾರಾಯ್ರೆ?" ಎಂದೆ.

"ದಿನಾ ಟಪಾವೇ ಡಾಕ್ಟ್ರೇ" ಎಂದರು ಗಂಡ.

ನಗು ತಡೆದುಕೊಂಡು ಮೂಲ ವಿಷಯಕ್ಕೆ ಬಂದೆ. ಆಕೆಗೆ ಆರು ವರ್ಷದ ಮಗಳು. ಅವಳ ತರಗತಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಒಂದು ಹಲ್ಲಿ ಸಾಕಿದ್ದಾರೆ, ಹಳದಿ ಮೈ, ಕರಿ ಚುಕ್ಕೆ. ಮಕ್ಕಳು ಸರದಿಯ ಮೇಲೆ ವಾರಾಂತ್ಯಕ್ಕೆ ಅದನ್ನು ಮನೆಗೆ ಒಯ್ಯುತ್ತಾರೆ. ಈ ಹುಡುಗಿಯ ಸರದಿ ಟರ್ಮಿನ ಕೊನೆಯ ಶುಕ್ರವಾರ, ಅಂದರೆ ಇನ್ನು ಆರು ವಾರ.

"ನಮ್ಮನೇಲಿ ಆಗಲ್ಲ ಪುಟ್ಟಿ ಅಂದೆ. ಅತ್ತಿದ್ರೆ ಸಮಾಧಾನ ಮಾಡ್ಬೋದಿತ್ತು. 'ಇಟ್ಸ್ ಓಕೆ ಅಮ್ಮ' ಅಂದ್ಬಿಟ್ಲು. ಈಗೀಗ ಗೋಡೆ ಮೇಲೆ ಹಲ್ಲಿ ಕಂಡ್ರೆ ಅವಳು ಹಲ್ಲೀನ ನೋಡಲ್ಲ, ನನ್ನ ಮುಖ ನೋಡ್ತಾಳೆ. ಹೆದರ್ಬೇಕಾ ಬೇಡ್ವಾ ಅಂತ."

ಆ ಮಾತು ನೇರ ನನ್ನ ಎದೆಗೆ ನಾಟಿತು. ಹೇಗಾದರೂ ಮಾಡಿ ಈಕೆಯನ್ನು ಆ ಶುಕ್ರವಾರಕ್ಕೆ ತಯಾರು ಮಾಡಲೇಬೇಕು ಎಂದುಕೊಂಡೆ. ಆದರೂ ಒಂದು ಸಂಶಯ ಕೇಳಿಯೇಬಿಟ್ಟೆ. "ಮೈಸೂರಿನಲ್ಲೂ ಹಲ್ಲಿ ಉಂಟಲ್ವಾ?"

"ಅವು ನಮ್ಮವು ಡಾಕ್ಟ್ರೇ. ಹೋಗು ಅಂದ್ರೆ ಹೋಗ್ತಿದ್ವು. ಇವಕ್ಕೆ ಕನ್ನಡ ಬರಲ್ಲ."

ಗೋಡೆಯ ಮೇಲಿನವರು

ವಾತ ಕೆರಳಿದೆ, ಹದಿನಾಲ್ಕು ದಿನ ಶಿರೋಧಾರೆ ಮಾಡೋಣ, ಬ್ರಾಹ್ಮೀ ತುಪ್ಪ ಕೊಡುತ್ತೇನೆ, ಮಲಗುವಾಗ ಅಂಗಾಲಿಗೆ ಎಣ್ಣೆ ತಿಕ್ಕಿಕೊಳ್ಳಿ ಎಂದೆಲ್ಲ ಹೇಳಿದೆ. "ಒಂದು ಮಾತು ನೆನಪಿಟ್ಟುಕೊಳ್ಳಿ. ಎಣ್ಣೆ ಮೈಯ ಬಿಗಿ ಸಡಿಲಿಸ್ತದೆ, ಅಷ್ಟೇ. ಹಲ್ಲಿಯ ಹತ್ತಿರ ಒಂದೊಂದೇ ಹೆಜ್ಜೆ ಇಡಬೇಕಾದವರು ನೀವು."

"ವಾಸಿ ಆಗುತ್ತಾ?"

"ಆಗ್ತದೆ."

ಗೋಡೆ ಗಡಿಯಾರದ ಹಿಂದಿನಿಂದ ಒಂದು ಹಲ್ಲಿ ಲೊಚ್ ಲೊಚ್ ಲೊಚ್ ಎಂದಿತು.

ಆಕೆ ಎರಡೂ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡರು. ನಾನು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡೆ. ಆದರೆ ಅಷ್ಟು ಹೆದರಿಕೆಯಲ್ಲೂ ಆಕೆಯ ಬೆರಳು ತಾನಾಗಿ ಮೇಜನ್ನು ತಟ್ಟಿತು. "ಕೃಷ್ಣ ಕೃಷ್ಣ" ಎಂದರು. ಮಾತಿನ ಬೆನ್ನಿಗೇ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯ ಎಂಬುದು ನಮ್ಮ ಮನೆಗಳ ಹಳೇ ಲೆಕ್ಕ.

"ಹೆದರಿಕೆ ಅಂತೀರಿ, ಅದರ ಮಾತು ನಂಬ್ತೀರಿ?" ಎಂದೆ.

"ಭಯ ಬೇರೆ, ನಂಬಿಕೆ ಬೇರೆ ಡಾಕ್ಟ್ರೇ."

ಅಲ್ಲಿಂದ ಮುಂದೆ ನಾನು ಏನು ಹೇಳಿದರೂ ಆಕೆ ಗಡಿಯಾರದ ಕಡೆ ಕಿವಿಗೊಡುವುದು ರೂಢಿಯಾಯಿತು. ಕಾಫಿ ಬಿಡಿ ಎಂದೆ, ಗೋಡೆ ಮೌನ. ಹೋಗಲಿ, ಬೆಳಿಗ್ಗೆ ಅರ್ಧ ಲೋಟ ಕುಡಿಯಿರಿ ಎಂದೆ, ಲೊಚ್ ಲೊಚ್. ಐದೂವರೆ ವರ್ಷ ಓದಿ ಬಂದ ನನ್ನ ಚೀಟಿಗೆ ಗೋಡೆಯ ಮೇಲಿನವರ ಸಹಿ ಬೇಕಾಯಿತು.

ಊಟಕ್ಕೆ ಮುಂಚೆಯೋ ಆಮೇಲೋ

ಮೊದಲ ಹೆಜ್ಜೆ ಹಲ್ಲಿಯ ಫೋಟೋ ನೋಡುವುದು, ಎರಡನೆಯದು ರಬ್ಬರ್ ಹಲ್ಲಿ ಮುಟ್ಟುವುದು. ರಬ್ಬರ್ ಹಲ್ಲಿಯನ್ನು ಆಟಿಕೆ ಅಂಗಡಿಯಿಂದ ನಾನೇ ತಂದೆ. ಕಾಗದದಲ್ಲಿ ಸುತ್ತಿಸಿ, ಕವರಿಗೆ ಹಾಕಿಸಿ, ಆ ಕವರನ್ನು ಇನ್ನೊಂದು ಕವರಿಗೆ ಹಾಕಿಸಿ ತಂದು ಡ್ರಾಯರಿನಲ್ಲಿಟ್ಟೆ. ನಮ್ಮ ಅಕ್ಕನಿಗೆ ಕವರುಗಳೆಂದರೆ ಪ್ರಾಣ. ಎರಡನ್ನೂ ಬಿಚ್ಚಿ ಮಡಿಸಿ ಎತ್ತಿಟ್ಟು, ಹಲ್ಲಿಯನ್ನು ನನ್ನ ಚೀಟಿ ಪುಸ್ತಕದ ಮೇಲೆ ಮಲಗಿಸಿದ್ದರು.

ಮಾರನೇ ದಿನ ಡ್ರಾಯರ್ ಎಳೆದವಳು ಕಿಟಾರನೆ ಕಿರುಚಿದೆ. ಕೆಳಗೆ ಮಾಮಕ್‌ನಲ್ಲಿ ಚಹಾ ಎತ್ತಿ ಹೊಯ್ಯುವವನ ಕೈ ಕೂಡ ನಿಂತಿತಂತೆ. ಅಕ್ಕ ಎಣ್ಣೆಗೈಯಲ್ಲೇ ಓಡಿಬಂದರು. ಅವರ ಹಿಂದೆ ಬಾಗಿಲಲ್ಲಿ ಆಕೆಯ ಮುಖ.

"ಏನಾಯ್ತು ಡಾಕ್ಟ್ರೇ?"

ಬಾಯಿಗೆ ಬಂದದ್ದು ಹೇಳಿದೆ. "ಏನಿಲ್ಲ. ದಿನಕ್ಕೊಮ್ಮೆ ಹೀಗೆ ಗಟ್ಟಿಯಾಗಿ ಕೂಗಿದರೆ ಎದೆ ಹಗುರ ಆಗ್ತದೆ. ನಿಮಗೆ ಹೇಳಿಕೊಡುವ ಅಂತಿದ್ದೆ."

ಆಕೆ ಅದನ್ನು ಫೋನಿನಲ್ಲಿ ಬರೆದುಕೊಂಡರು. ನಾಲ್ಕನೇ ದಿನ ಆಕೆಯ ಗಂಡನ ಫೋನ್ ಬಂತು. ಮನೆಯವರೆಲ್ಲ ಸೇರಿ ಕೂಗುತ್ತಿದ್ದಾರೆ, ಕಾಂಡೋದ ಸೆಕ್ಯುರಿಟಿ ಎರಡು ಸಲ ಮೇಲೆ ಬಂದು ಹೋದ, ಪರವಾಗಿಲ್ಲ, ಎಲ್ಲರಿಗೂ ನಿದ್ದೆ ಚೆನ್ನಾಗಿ ಬರುತ್ತಿದೆ ಎಂದರು. ನನಗೆ ನಾಚಿಕೆಯಾಗಿ, ಇನ್ನು ಸಾಕು ನಿಲ್ಲಿಸಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಕೇಳಿದರು:

"ಒಂದೇ ಡೌಟು ಡಾಕ್ಟ್ರೇ. ಕೂಗೋದು ಊಟಕ್ಕೆ ಮುಂಚೆನೋ, ಆಮೇಲೋ?"

ಕಂಚಿಯ ಕೈ

ಎಂಟನೇ ದಿನ ಆಕೆ ಮುಖ ಸಣ್ಣ ಮಾಡಿಕೊಂಡು ಬಂದರು. ಲಿಫ್ಟಿನೊಳಗೆ ಭುಜದ ಮೇಲೆ ಹಲ್ಲಿ ಬಿತ್ತಂತೆ.

"ಕೂಗಿದ್ರಾ?"

"ಕೂಗೋಕೆ ಪುರುಸೊತ್ತೆಲ್ಲಿ? ಎಡ ಭುಜವೋ ಬಲ ಭುಜವೋ ನೋಡ್ಬೇಕಿತ್ತಲ್ಲ. ಹೆಂಗಸರಿಗೆ ಒಂದು ಒಳ್ಳೇದು, ಇನ್ನೊಂದು ಕೆಟ್ಟದ್ದು. ಆದ್ರೆ ಕನ್ನಡಿ ನೋಡ್ತಿದ್ದೆ ಡಾಕ್ಟ್ರೇ, ಯಾವ್ದು ಎಡ ಯಾವ್ದು ಬಲ ಅಂತಾನೇ ಗೊತ್ತಾಗ್ಲಿಲ್ಲ."

ಮೈಸೂರಿಗೆ ಫೋನ್ ಹೋಗಿತ್ತು. ಅಲ್ಲಿ ತಾಯಿ ಪಂಚಾಂಗ ತೆಗೆದು ತೀರ್ಪು ಕೊಟ್ಟಿದ್ದರು: ಅನುಮಾನ ಇದ್ದ ಮೇಲೆ ಕೆಟ್ಟದ್ದೇ ಅಂದ್ಕೋ, ಕಂಚಿಯ ದೇವಸ್ಥಾನದ ಬಂಗಾರದ ಹಲ್ಲಿ ಮುಟ್ಟಿ ಬಂದವರು ಯಾರಾದರೂ ಸಿಕ್ಕಿದರೆ ಅವರನ್ನು ಮುಟ್ಟು, ದೋಷ ಹೋಗುತ್ತದೆ.

"ನಾನು ಹೋಗಿದ್ದೆನಲ್ಲ, ಎರಡು ಕೈಯಲ್ಲೂ ಮುಟ್ಟಿದ್ದೆ ಲಾ" ಎಂದರು ಎಣ್ಣೆ ಸೋಸುತ್ತಿದ್ದ ಅಕ್ಕ, ಮಾತಿನ ಕೊನೆಗೆ ಇಲ್ಲಿನವರ 'ಲಾ' ಸೇರಿಸಿ.

ಆಕೆ ಅಕ್ಕನ ಎರಡೂ ಕೈ ಹಿಡಿದು ಕಣ್ಣು ಮುಚ್ಚಿ ನಿಂತರು. ನಾನು ಕೇಸ್ ಪೇಪರಿನಲ್ಲಿ ಬರೆದೆ: ಮೈಮೇಲೆ ಹಲ್ಲಿ ಬಿದ್ದಿದೆ, ರೋಗಿ ಓಡಿಲ್ಲ. ಸಂತೋಷಕ್ಕೆ ಅದರ ಕೆಳಗೆ ಎರಡು ಗೆರೆ ಎಳೆದೆ.

ಮಾರನೇ ದಿನ ಅದೇ ಕಾಂಡೋದ ಐದು ಹೆಂಗಸರು ಮೆಟ್ಟಿಲು ಹತ್ತಿ ಬಂದರು. ಯಾರಿಗೂ ನಾನು ಬೇಡ. ಒಬ್ಬೊಬ್ಬರಾಗಿ ಅಕ್ಕನ ಕೈ ಮುಟ್ಟಿ, ಕೆಳಗೆ ರೋಟಿ ತಿಂದು ಹೋದರು. ಓದಿಕೊಂಡವರೆಲ್ಲ ಹೀಗೆ ಮಾಡಿದರೆ ಹೇಗೆ ಎಂದು ನಾನು ಅಕ್ಕನ ಹತ್ತಿರ ಗೊಣಗಿದೆ. ಗೊಣಗುತ್ತಲೇ ಎಣ್ಣೆ ಬಾಟಲಿ ತೆಗೆದುಕೊಳ್ಳುವ ನೆಪದಲ್ಲಿ ನಾನೂ ಆ ಕೈಯನ್ನು ಒಮ್ಮೆ ಮುಟ್ಟಿಕೊಂಡೆ. ಕಾಲೇಜಿನ ಹಲ್ಲಿಯ ಲೆಕ್ಕವೂ ಬಾಕಿ ಇತ್ತು.

ವೀಸಾ

ಹನ್ನೊಂದನೇ ದಿನ ಮಳೆ ಬೇಗ ಶುರುವಾಯಿತು. ಕಿಟಕಿಯ ಹೊರಗೆ ಬಾಂಗ್ಸಾರ್ ಕರಗಿ ಬೂದಿ ಬಣ್ಣವಾಗಿತ್ತು. ಆಕೆ ಕಣ್ಣಿನ ಮೇಲೆ ಹತ್ತಿ ಇಟ್ಟುಕೊಂಡು ಮಲಗಿದ್ದರು. ಹಣೆಯ ಮೇಲೆ ಎಣ್ಣೆಯ ದಾರ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಎಣ್ಣೆ ಬೀಳುವುದು ಯಾವುದು, ಮಳೆ ಬೀಳುವುದು ಯಾವುದು ಎಂದು ತಿಳಿಯದ ಹೊತ್ತು ಅದು. ನಾನು ಸ್ಟೂಲಿನ ಮೇಲೆ ಕೂತು ಎಲ್ಲಿಗೋ ತೇಲಿಹೋಗಿದ್ದೆ. ಆಗ ಆಕೆ ಮಾತಾಡಿದರು. ದನಿ ನೀರಿನಡಿಯಿಂದ ಬಂದ ಹಾಗಿತ್ತು.

"ಡಾಕ್ಟ್ರೇ, ಅದು ಬಂದಿತ್ತು. ಫ್ರಿಜ್ ಹಿಂದಿನದು."

"ಎಲ್ಲಿಗೆ?"

"ಕನಸಿಗೆ. ಅಡುಗೆಮನೆ ಕಟ್ಟೆ ಮೇಲೆ ಕಾಲು ಮಡಚಿ ಕೂತಿತ್ತು. 'ನೀನು ಬಂದು ಎರಡು ವರ್ಷ ಆಯ್ತು, ನಾನು ಹುಟ್ಟಿದ್ದೇ ಇಲ್ಲಿ. ವೀಸಾ ಯಾರ ಹತ್ರ ಇರ್ಬೇಕು?' ಅಂತು."

"ನೀವೇನಂದ್ರಿ?"

"ಡಿಪೆಂಡೆಂಟ್ ಪಾಸ್ ಇದೆ ಅಂದೆ. ತೋರಿಸಿದೆ. ಸರಿಯಾಗಿ ನೋಡ್ತು. ನನ್ನ ಫೋಟೋ ನೋಡಿ, 'ಪಾಪ, ನೀನೂ ಗಂಡನ ಬಾಲ ಹಿಡ್ಕೊಂಡು ಬಂದವಳೇ' ಅಂತು."

ಆಕೆಯ ಮುಚ್ಚಿದ ಕಣ್ಣಿನ ಹತ್ತಿಯ ಅಡಿಯಿಂದ ನೀರು ಇಳಿಯಿತು. ತುಟಿಯಲ್ಲಿ ನಗುವಿತ್ತು.

"ಒಳ್ಳೇ ಹಲ್ಲಿ ಡಾಕ್ಟ್ರೇ. ಎರಡು ವರ್ಷದಲ್ಲಿ ನನ್ನನ್ನ ಪಾಪ ಅಂದಿದ್ದು ಅದೊಂದೇ."

ಆ ಸಂಜೆ ಆಕೆ ಛತ್ರಿಯಿಲ್ಲದೆ ಒಗ್ಗರಣೆ ಹಾಕಿದರಂತೆ. ಸುದ್ದಿ ಹೇಳಲು ಫೋನ್ ಮಾಡಿದ ಗಂಡನ ಗಂಟಲು ಕಟ್ಟಿತ್ತು. ಖುಷಿಗಾ ಎಂದು ಕೇಳಿದೆ.

"ಖುಷಿನೂ ಇದೆ, ಒಗ್ಗರಣೆ ಘಾಟೂ ಇದೆ. ಅಭ್ಯಾಸ ತಪ್ಪೋಗಿದೆ ಡಾಕ್ಟ್ರೇ" ಎಂದರು.

ಕೊನೆಯ ಶುಕ್ರವಾರ

ಧಾರೆ ಮುಗಿದು ವಾರಗಳು ಕಳೆದವು. ಆ ಶುಕ್ರವಾರ ಮೂರು ಗಂಟೆಯಿಂದ ನನಗೆ ಕೆಲಸದಲ್ಲಿ ಮನಸ್ಸಿಲ್ಲ. ಶಾಲೆಯ ಗೇಟಿನಲ್ಲಿ ಆಕೆ ಪೆಟ್ಟಿಗೆ ಹಿಡಿದರೋ, ಬೇಡವೆಂದು ವಾಪಸು ಬಂದರೋ. ಫೋನ್ ಮಾಡಲು ಧೈರ್ಯ ಬರಲಿಲ್ಲ. ನಾಲ್ಕಕ್ಕೆ ಮಳೆ ಬಂತು. ನಾಲ್ಕೂಕಾಲಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು.

ಬಾಗಿಲಲ್ಲಿ ಆಕೆ ನಿಂತಿದ್ದರು, ತಲೆಯಿಂದ ಕಾಲಿನವರೆಗೆ ತೊಯ್ದು ತೊಪ್ಪೆಯಾಗಿ. ಕೈಯಲ್ಲಿ ಗಾಜಿನ ಪೆಟ್ಟಿಗೆ. ಆ ಹಳೇ ಛತ್ರಿ ಪೂರ್ತಿಯಾಗಿ ಪೆಟ್ಟಿಗೆಯ ಮೇಲಿತ್ತು.

"ಸಿಡಿಲಿಗೆ ಹೆದರ್ಕೊಳ್ಳುತ್ತೆ ಡಾಕ್ಟ್ರೇ ಪಾಪ. ಮೊದಲು ನಿಮಗೇ ತೋರಿಸ್ಬೇಕು ಅಂತ ಸೀದಾ ಬಂದ್ವಿ."

ನನ್ನ ಕಣ್ಣು ತುಂಬಿ ಬಂತು. ಇಷ್ಟು ವರ್ಷದಲ್ಲಿ ಯಾವ ರೋಗಿಯ ಬಗ್ಗೆಯೂ ನನಗೆ ಇಷ್ಟು ಹೆಮ್ಮೆಯಾಗಿರಲಿಲ್ಲ. ಆಕೆಯ ಪಕ್ಕದಲ್ಲಿ ಮಗಳು ಪುಟ್ಟಿ. ಅವಳು ತಾಯಿಯ ಮುಖ ನೋಡಿದಳು, ತಾಯಿ ನಕ್ಕರು, ಅವಳೂ ನಕ್ಕು ಪೆಟ್ಟಿಗೆಯ ಮುಚ್ಚಳ ತೆಗೆದಳು.

"ಡಾಕ್ಟರ್ ಆಂಟಿ, ದಿಸ್ ಈಸ್ ಮ್ಯಾಂಗೋ. ಹೋಲ್ಡ್ ಹಿಮ್."

"ಹಿಡ್ಕೊಳಿ ಡಾಕ್ಟ್ರೇ, ಎಲ್ಲ ನಿಮ್ಮಿಂದಾನೇ" ಎಂದರು ತಾಯಿ.

ಓಡಲು ಬಾಗಿಲು ಅವರ ಹಿಂದಿತ್ತು, ನನ್ನ ಹಿಂದೆ ಗೋಡೆ. ನನ್ನ ಬಲ ಅಂಗೈ ಮೇಲೆ ತಣ್ಣನೆಯ, ಮೆತ್ತನೆಯ, ಉಸಿರಾಡುವ ಒಂದು ವಸ್ತು ಬಂದು ಕೂತಿತು. ಮೈಯೆಲ್ಲ ಬೆವರಿತು. ಕೋಣೆ ಒಂದು ಸುತ್ತು ತಿರುಗಿ ನಿಂತಿತು. ಕಿರುಚಲಿಲ್ಲ, ಯಾಕೆಂದರೆ ಪುಟ್ಟಿ ಈಗ ನನ್ನ ಮುಖ ನೋಡುತ್ತಿದ್ದಳು. ಹಲ್ಲು ಕಚ್ಚಿ ನಕ್ಕೆ.

ಆದರೆ ಆಕೆ ಭಯದ ಜೊತೆ ಬದುಕಿದವರು. ನನ್ನ ಮುಖವನ್ನು ನೋಡಿದರು, ಮೈಯಿಂದ ದೂರ ಚಾಚಿದ ಕೈ ನೋಡಿದರು. ನಿಧಾನವಾಗಿ ಅವರ ಹುಬ್ಬು ಮೇಲೇರಿತು. "ಡಾಕ್ಟ್ರೇ, ನಿಮಗೂ ಭಯನಾ?"

"ಛೆ ಛೆ. ನನಗೆ ಹಲ್ಲಿ ಅಂದ್ರೆ ಭಯವೇ ಇಲ್ಲ ಮಾರಾಯ್ರೆ."

ಆಕೆ ರೂಢಿಯಂತೆ ಗಡಿಯಾರದ ಕಡೆ ತಿರುಗಿ ಕಿವಿಗೊಟ್ಟರು. ಅಕ್ಕನೂ ತಿರುಗಿದರು. ನಾನೂ ತಿರುಗಿದೆ. ಹಲ್ಲಿ ಅಲ್ಲೇ ಇತ್ತು, ಗಡಿಯಾರದ ಹಿಂದಿನಿಂದ ಅರ್ಧ ತಲೆ ಹೊರಗೆ ಹಾಕಿ ನನ್ನನ್ನೇ ನೋಡುತ್ತಿತ್ತು. ಮಳೆ ಸುರಿಯುತ್ತಿತ್ತು. ಹಲ್ಲಿ ತುಟಿಪಿಟಕ್ ಎನ್ನಲಿಲ್ಲ.

"ಆಂಟಿ, ಇಟ್ ಡಿಡ್ ನಾಟ್ ಸೇ" ಎಂದಳು ಪುಟ್ಟಿ.

ಅಕ್ಕ ಸದ್ದಿಲ್ಲದೆ ಎಣ್ಣೆಯ ಪಾತ್ರೆಯನ್ನು ಸ್ಟವ್ ಮೇಲಿಟ್ಟರು. ಆಕೆ ಶಿರೋಧಾರೆಯ ಮಂಚದ ಮೇಲಿನ ಬಟ್ಟೆ ಕೊಡವಿ, ದಿಂಬು ಸರಿಮಾಡಿ, ನಾನು ದಿನಾ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದರು:

"ಬನ್ನಿ ಮಲಗಿ ಡಾಕ್ಟ್ರೇ. ಹದಿನಾಲ್ಕು ದಿನ, ನಿಮಗೂ ವಾಸಿ ಆಗುತ್ತೆ."

ಗಡಿಯಾರದ ಹಿಂದಿನಿಂದ ಲೊಚ್ ಲೊಚ್ ಲೊಚ್.

ನನ್ನ ಬಲಗೈಯಲ್ಲಿ ಮ್ಯಾಂಗೋ ಇತ್ತು. ಎಡಗೈಯಿಂದ ಮೇಜು ತಟ್ಟಿ, "ಕೃಷ್ಣ ಕೃಷ್ಣ" ಎಂದೆ.