ಇಪ್ಪತ್ತನೆಯ ಸರ

ಮಾನ್ವಿಯ ಮಹಿಳಾ ಮಂಡಳಿಯಲ್ಲಿ ಒಂದು ಸರ ಕಡಿಮೆ ಬಿತ್ತು. ಕನಕರಾಯ ಸಿಕ್ಕಿಬಿದ್ದದ್ದು ಅದರಿಂದಲೇ.

ಆರು ತಿಂಗಳ ಮಣಿ ಕೆಲಸದ ತರಬೇತಿ ಮುಗಿದಿತ್ತು. ಅವತ್ತು ಹನ್ನೊಂದು ಗಂಟೆಗೆ ಪ್ರದರ್ಶನ ಮತ್ತು ಮಾರಾಟ. ನೋಡಿ ಬಹುಮಾನ ಕೊಡಲು ರಾಯಚೂರಿನಿಂದ ಸಾಹೇಬರೊಬ್ಬರು ಜೀಪಿನಲ್ಲಿ ಬರುವವರಿದ್ದರು. ರಿಜಿಸ್ಟರಿನಲ್ಲಿ ಇಪ್ಪತ್ತು ಹೆಂಗಸರ ಹೆಸರಿದ್ದವು, ಮೇಜಿನ ಮೇಲೆ ಹತ್ತೊಂಬತ್ತೇ ಸರ. ಇಪ್ಪತ್ತನೆಯವಳು ಹೆರಿಗೆಗೆಂದು ಜಾಲಹಳ್ಳಿಗೆ ಹೋಗುವಾಗ ಅರ್ಧ ಪೋಣಿಸಿದ ಸರವನ್ನೂ ಸೆರಗಿಗೆ ಕಟ್ಟಿಕೊಂಡು ಬಸ್ಸು ಹತ್ತಿದ್ದಳು.

ಮಂಡಳಿಯ ಅಧ್ಯಕ್ಷೆ ಹಂಪಮ್ಮ ಮೂರು ಸಲ ಎಣಿಸಿದಳು. ಎಣಿಸಿದಷ್ಟೂ ಹೆಚ್ಚಾಗಲು ಅವೇನು ಕೋಳಿಮರಿಗಳೇ?

"ರಿಜಿಸ್ಟರ್‌ನ್ಯಾಗ ಇಪ್ಪತ್ತು, ಮೇಜಿನ ಮ್ಯಾಲೆ ಹತ್ತೊಂಬತ್ತು! ಸಾಹೇಬ್ರು ಕೇಳಿದ್ರ ಏನ್ ಹೇಳ್ಲಿ?"

ಕಲಿಸುವ ಬಿಸ್ಮಿಲ್ಲಾ ಬೀ ಎಲೆ ಅಡಿಕೆ ಜಗಿಯುತ್ತ ನಿಧಾನಕ್ಕೆ ಹೇಳಿದಳು: "ಇನ್ನೊಬ್ಬ ಶಾಗಿರ್ದ ಅದಾನಲ್ಲ ಅಕ್ಕಾ. ಹೊಸ್ತಿಲ ಹೊರಗಿಂದವ. ಖರೇ ಹೇಳಬೇಕಂದ್ರ, ಈ ಹತ್ತೊಂಬತ್ತೂ ಅವನ ಒಂದು ಸರಕ್ಕ ಸಮ ಬರಾಂಗಿಲ್ಲ."

ಹೊಸ್ತಿಲ ಹೊರಗಿನ ಆ ಶಿಷ್ಯನೇ ಕನಕರಾಯ. ಗಬ್ಬೂರಿನ ಕಡೆಯ ಕುರಿ ಕಾಯುವ ಮನೆತನದವನು. ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ಮಾನ್ವಿಗೆ ಬಂದು, ಹಂಪಮ್ಮನ ಗಂಡ ದೊಡ್ಡಪ್ಪನ ಅಕ್ಕಿ ಗಿರಣಿಯಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದ. ವಯಸ್ಸು ಮೂವತ್ತನಾಲ್ಕು. ಹೆಣ್ಣು ಕೇಳಲು ಹೋಗುವ ಹಿರಿಯರು ಇಲ್ಲದೆ ಮದುವೆ ಹಾಗೇ ಉಳಿದಿತ್ತು. ಅವನ ಖೋಲಿಗೂ ಮಂಡಳಿಗೂ ನಡುವೆ ಒಂದೇ ಗೋಡೆ. ಒಂದು ಸಂಜೆ ಮಂಡಳಿಯ ಬಾಗಿಲಿಂದ ಉರುಳಿ ಬಂದ ಕೆಂಪು ಮಣಿಯೊಂದನ್ನು ವಾಪಸು ಕೊಡಲು ಹೋದವನು ಅಲ್ಲೇ ನಿಂತುಬಿಟ್ಟ. ದಿನವೆಲ್ಲ ದಬ್ಬಣ ಹಿಡಿದು ಸುತಳಿ ಎಳೆಯುವವನಿಗೆ ಕೂದಲಿನಂಥ ಆ ಸೂಜಿ, ಸಾಸಿವೆಯಂಥ ಆ ಮಣಿ ಕಂಡು ಕೈ ಜುಮ್ಮೆಂದಿತು.

"ಕಲಿಯೂ ಮನಸದ ಏನು?" ಎಂದಿದ್ದಳು ಬಿಸ್ಮಿಲ್ಲಾ ಬೀ. "ಹೆಣ್ಮಕ್ಕಳ ಸ್ಕೀಮು. ಒಳಗ ಬರಂಗಿಲ್ಲ. ಹೊಸ್ತಿಲ ಹೊರಗ ಕುಂಡ್ರು. ಕಣ್ಣು ಸೂಜಿ ಮ್ಯಾಲೆ ಇರಬೇಕು ನೋಡು."

ಕಣ್ಣು ಸೂಜಿಯ ಮೇಲೆಯೇ ಇರುತ್ತಿತ್ತು. ಆಗಾಗ ಜಾರಿ ಕಿಟಕಿಯ ಕಡೆಗೆ ಹೋಗುತ್ತಿತ್ತು, ಅಷ್ಟೇ. ಅಲ್ಲಿ ಬಂಡೆಮ್ಮ ಕೂರುತ್ತಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಲಗೇಜು ಬುಕ್ ಮಾಡುವ ಯಮನೂರಪ್ಪನ ತಂಗಿ. ಅಣ್ಣನ ಐದು ಮಕ್ಕಳಿಗೆ ರೊಟ್ಟಿ ಬಡಿದು ಬಡಿದು ಇಪ್ಪತ್ತಾರು ದಾಟಿದ್ದಳು. ಈ ಆರು ತಿಂಗಳಲ್ಲಿ ಅವಳು ಕನಕರಾಯನ ಜೊತೆ ಮೂರು ಸಲ ಮಾತಾಡಿದ್ದಳು. ಒಂದು ಸಲ "ಬೆಳಕು ಬಿಡ್ರಿ" ಎಂದಿದ್ದಳು. ಇನ್ನೊಂದು ಸಲ "ಹಳದಿ ಮಣಿ ಉಳದಾವೇನ್ರಿ" ಎಂದಿದ್ದಳು. ಮೂರನೆಯ ಸಲ ಏನೂ ಅನ್ನದೆ ನಕ್ಕಿದ್ದಳು. ಅವನು ಅದನ್ನೂ ಮಾತಿನ ಲೆಕ್ಕಕ್ಕೇ ಹಿಡಿದಿದ್ದ.

ಅವನು ಕಟ್ಟಿದ್ದು ಐದೆಳೆಯ ಸರ. ಕರಿ ಮಣಿಯ ನೆಲ, ಅದರ ಮೇಲೆ ಕೆಂಪು ಹಳದಿಯ ಮೂರು ಮೂಲೆಯ ಚಿತ್ತಾರ. ಅಪ್ಪ ಹೊದೆಯುತ್ತಿದ್ದ ಕಂಬಳಿಯ ಅಂಚು ಹೀಗೇ ಇತ್ತು. ಒಂದೊಂದು ಮಣಿ ಏರಿಸುವಾಗಲೂ ಅದು ಬಂಡೆಮ್ಮನ ಕೊರಳಲ್ಲಿ ಎಲ್ಲಿ ಕೂರುತ್ತದೆ ಎಂದು ಯೋಚಿಸಿದ್ದ. ಕೊಡುವ ಧೈರ್ಯ ಬರದೆ ಅದು ಬಿಸ್ಕೀಟಿನ ಡಬ್ಬಿಯಲ್ಲಿತ್ತು.

ಹಂಪಮ್ಮ ಗಿರಣಿಗೆ ನುಗ್ಗಿದಾಗ ಅವನು ಬಿಳಿ ಅಂಗಿ ತೊಟ್ಟು, ಎಣ್ಣೆ ಹಚ್ಚಿ ತಲೆ ಬಾಚಿ, ಹೊಟ್ಟಿನ ಧೂಳು ಬೀಳದಂತೆ ಮೂಲೆಯಲ್ಲಿ ನಿಂತಿದ್ದ. ಕಾರಣವಿತ್ತು. ಅವತ್ತೇ ಯಮನೂರಪ್ಪ ವರನನ್ನು ನೋಡಲು ಬರುವವನಿದ್ದ. ಮಾತು ನಡೆಸಿದವನು ಗಿರಣಿಯ ಹಮಾಲ ಗದ್ದೆಪ್ಪ. ಬೆಳಿಗ್ಗೆಯಿಂದ ನಾಲ್ಕು ಸಲ ತಾಕೀತು ಮಾಡಿದ್ದ: "ಮಣಿ ಪೋಣಸ್ತೀನಿ ಅಂತ ಬಾಯಿ ಬಿಟ್ಟೀಯಂದ್ರ ಮುಗೀತು. ಅವ ಮೀಸಿ ಮನುಷ್ಯಾ. ಗಂಡಸು ಗಂಡಸಿನಾಂಗ ಇರಬೇಕು ಅನ್ನಾವ."

"ಸರ ಕೊಡೋ ಕನಕಾ," ಎಂದಳು ಹಂಪಮ್ಮ.

"ಅಮ್ಮಾರ, ಇವತ್ತೊಂದು ದಿನ ಬಿಡ್ರಿ. ಯಮನೂರಪ್ಪ ಬರ್ತಾರ..."

"ಅಲ್ಲೇ ಬರ್ಲಿ! ಮಂಡಳಿಯಾಗ ನಾಕು ಮಂದಿ ನಡುವ ನೋಡಿದ್ರ ನಿನಗೇ ಚಂದ. ಗದ್ದೆಪ್ಪಾ, ಅವನ್ನ ಅಲ್ಲಿಗೇ ಕರಕೊಂಡು ಬಾ. ಸರಕ್ಕ ನಿನ್ ಹೆಸರು ಹಚ್ಚಂಗಿಲ್ಲ ಬಿಡು, ಕನಕಮ್ಮ ಅಂತ ಚೀಟಿ ಬರೀತೀನಿ. ಯಾರಿಗಿ ಗೊತ್ತಾಕ್ಕೈತಿ?"

ಧಣಿಯ ಹೆಂಡತಿಗೆ ಇಲ್ಲವೆನ್ನುವುದು ಹೇಗೆ? ಡಬ್ಬಿಯಿಂದ ಸರ ತೆಗೆದು ಕೊಟ್ಟ. ಕೊಡುವಾಗ ಮಗಳನ್ನು ಗಂಡನ ಮನೆಗೆ ಕಳಿಸುವವನ ಹಾಗೆ ಒಮ್ಮೆ ನೇವರಿಸಿದ.

ಹನ್ನೊಂದಕ್ಕೆ ಮಂಡಳಿಯ ಪಡಸಾಲೆ ತುಂಬಿತು. ಮಣಿಯ ಗಿಳಿ, ಮಣಿಯ ತೋರಣ, ವೈರಿನ ಬುಟ್ಟಿ, ನಡುವಿನ ಉದ್ದ ಮೇಜಿನ ಮೇಲೆ ಇಪ್ಪತ್ತು ಸರ. ಊರಿನ ಹೆಂಗಸರು ಗಿಳಿಯ ಕೊಕ್ಕು ಎಳೆದು, ಬುಟ್ಟಿಯ ಹಿಡಿ ಜಗ್ಗಿ, ದರ ಕೇಳಿ, ಅರ್ಧಕ್ಕೆ ಕೇಳಿ, ಬಿಟ್ಟು ಹೋಗಿ, ತಿರುಗಿ ಬಂದು ಕೊಳ್ಳುತ್ತಿದ್ದರು. ಕನಕರಾಯ ಬೆಂಚು ಹೊರುವ ನೆಪದಲ್ಲಿ ಮೂಲೆ ಹಿಡಿದಿದ್ದ. ಬಂಡೆಮ್ಮ ಮೇಜಿನ ಹಿಂದೆ ನಿಂತು ಮಾರುತ್ತಿದ್ದಳು. ಗಿರಾಕಿ ಇಲ್ಲದಾಗ ಅವಳ ಬೆರಳು ಮೆಲ್ಲಗೆ ಹೋಗಿ ಐದೆಳೆಯ ಸರವನ್ನು ಮುಟ್ಟಿ ಬರುತ್ತಿತ್ತು. ಹಾಗಾದಾಗಲೆಲ್ಲ ಕನಕರಾಯನಿಗೆ ತನ್ನ ಕೊರಳನ್ನೇ ಯಾರೋ ಮುಟ್ಟಿದಂತಾಗುತ್ತಿತ್ತು.

ಗದ್ದೆಪ್ಪ ಯಮನೂರಪ್ಪನನ್ನು ಕರೆತಂದ. ಮೀಸೆ ಮೊದಲು ಒಳಬಂತು, ಹಿಂದಿನಿಂದ ಮನುಷ್ಯ ಬಂದ.

"ಇವನೇ ನೋಡ್ರಿ ನಮ್ ಹುಡುಗ," ಎಂದ ಗದ್ದೆಪ್ಪ. "ಒಂದೇ ಕೈಲೆ ಕ್ವಿಂಟಲ್ ಚೀಲ ಎತ್ತತಾನ."

ಕನಕರಾಯ ಜನ್ಮದಲ್ಲಿ ಎತ್ತಿದ ಅತಿ ಭಾರದ ವಸ್ತು ಕುರಿಮರಿ.

"ಹೌದಾ? ಆ ಬೆಂಚು ಎತ್ತಲಿ ನೋಡಾಮು," ಎಂದ ಯಮನೂರಪ್ಪ.

ಬೆಂಚಿನ ಮೇಲೆ ಇಬ್ಬರು ಅಜ್ಜಿಯರು ಕೂತಿದ್ದರು. ಅವರನ್ನು ಏಳಿಸುವುದಕ್ಕೂ ಬಾಗಿಲಲ್ಲಿ ಜೀಪು ನಿಲ್ಲುವುದಕ್ಕೂ ಸರಿಹೋಯಿತು. ಕನಕರಾಯ ಕಾಣದ ದೇವರಿಗೆ ಕೈ ಮುಗಿದ.

ಸಾಹೇಬರು ಒಂದೊಂದೇ ಸರ ನೋಡುತ್ತ ಬಂದು ಇಪ್ಪತ್ತನೆಯದರ ಮುಂದೆ ನಿಂತರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಕಿಟಕಿಯ ಬೆಳಕಿಗೆ ಹಿಡಿದರು.

"ಇಷ್ಟು ವರ್ಷದಲ್ಲಿ ಇಂಥಾ ಕೆಲಸ ನೋಡಿಲ್ಲ. ಕನಕಮ್ಮ ಅಂದ್ರೆ ಯಾರು? ಕರೀರಿ."

ಹಂಪಮ್ಮ ಸುತ್ತ ಕಣ್ಣಾಡಿಸಿದಳು. ಮರುಗಳಿಗೆ ಚಹಾದ ತಟ್ಟೆ ಹಿಡಿದು ನಿಂತಿದ್ದ ಬೂದೆಮ್ಮನನ್ನು ಮುಂದಕ್ಕೆ ನೂಕಿದಳು. "ಈಕಿನೇ ರೀ!"

ಬೂದೆಮ್ಮ ಮಂಡಳಿಗೆ ಕಸ ಗುಡಿಸಿ ಚಹಾ ಮಾಡುವವಳು. ಅವಳು ಮಣಿ ಮುಟ್ಟಿದ್ದರೆ ಕಸಬರಿಗೆಯಿಂದಲೇ.

"ಇಲ್ಲಿ ತುದಿ ಒಂಚೂರು ಸಡಿಲಾಗಿದೆಯಲ್ಲಮ್ಮ. ನನ್ನೆದುರಿಗೆ ಬಿಗಿ ಮಾಡಿ ತೋರಿಸು, ನೋಡೋಣ," ಎಂದರು ಸಾಹೇಬರು.

ಬೂದೆಮ್ಮ ಬಿಗಿ ಮಾಡಿದಳು, ಬಾವಿಯ ಹಗ್ಗ ಜಗ್ಗುವ ಹಾಗೆ. ದಾರ ಕಿತ್ತಿತು. ಕರಿ, ಕೆಂಪು, ಹಳದಿ ಮಣಿಗಳು ಬಂಡೆಗಲ್ಲಿನ ನೆಲದ ಮೇಲೆ ಚಟಪಟ ಉದುರಿ, ಸಾಹೇಬರ ಬೂಟಿನ ಕೆಳಗೆ, ಅಜ್ಜಿಯರ ಸೀರೆಯ ಕೆಳಗೆ, ಬಾಗಿಲಿನಾಚೆ ಓಡಿದವು.

ಕನಕರಾಯನಿಗೆ ಯಮನೂರಪ್ಪ, ಗದ್ದೆಪ್ಪ, ಬಿಳಿ ಅಂಗಿ ಎಲ್ಲ ಮರೆತುಹೋಯಿತು. ನೆಲಕ್ಕೆ ಬಿದ್ದು ಅಂಬೆಗಾಲಿನಲ್ಲಿ ಹರಿದಾಡಿ, ಸಾಹೇಬರ ಬೂಟನ್ನು ತಾನೇ ಎತ್ತಿ ಸರಿಸಿ, ಒಂದೂ ಬಿಡದೆ ಮಣಿ ಆಯ್ದ. ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತು ಪೋಣಿಸತೊಡಗಿದ. ಬೆರಳು ಓಡುವುದನ್ನು ನೋಡಲು ಪಡಸಾಲೆಗೆ ಪಡಸಾಲೆಯೇ ಸುತ್ತ ನೆರೆಯಿತು.

"ಇವರು ಯಾರು?" ಎಂದರು ಸಾಹೇಬರು.

"ಕನಕಮ್ಮನ ಗಂಡ ರೀ!" ಎಂದುಬಿಟ್ಟಳು ಹಂಪಮ್ಮ.

ಯಮನೂರಪ್ಪನ ಮೀಸೆ ಎದ್ದು ನಿಂತಿತು. ಅವನು ಗದ್ದೆಪ್ಪನ ಅಂಗಿಯ ಕೊರಳಪಟ್ಟಿ ಹಿಡಿದ. "ಮಗನ, ಮದಿವಿ ಆದವನ್ನ ತೋರಸಾಕತ್ತೀಯೇನಲೇ ನನ್ನ ತಂಗಿಗಿ?"

"ಇವ ಯಾವಾಗಿಂದ ನನ ಗಂಡ?" ಬೂದೆಮ್ಮ ಚಹಾದ ತಟ್ಟೆ ಕುಕ್ಕಿದಳು. "ನನ ಗಂಡ ಚಂದ್ರಬಂಡದಾಗ ಗಟ್ಟಿಮುಟ್ಟ ಅದಾನ! ಅವ ಬಂದು ಕೇಳಿದ್ರ ನೀವ ಹೇಳ್ರಿ ಮತ್ತ!"

ಗದ್ದೆಪ್ಪನ ಕೊರಳಪಟ್ಟಿ ಇನ್ನೂ ಯಮನೂರಪ್ಪನ ಕೈಯಲ್ಲಿತ್ತು, ಹಂಪಮ್ಮ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು. ಇನ್ನು ತಾನೇ ಏಳಬೇಕೆಂದು ಕನಕರಾಯ ಎದ್ದ.

"ಸಾಹೇಬ್ರ, ತಪ್ಪಾತ್ರಿ. ಕನಕಮ್ಮ ಯಾರೂ ಇಲ್ಲ. ಸರ ಕಟ್ಟಿದಾವ ನಾನೇ. ಚೀಲ ಹೊಲಿಯಾವ. ಬೀ ಅಮ್ಮ ಹೊಸ್ತಿಲ ಹೊರಗ ಕುಂದ್ರಿಸಿ ಕಲಿಸ್ಯಾರ. ಮದಿವಿ ಆಗಿಲ್ರಿ. ಚೀಲಾನೂ ಎತ್ತಾಕ ಬರಂಗಿಲ್ಲ."

ಕೊನೆಯ ಮಾತು ಯಮನೂರಪ್ಪನಿಗಾಗಿ ಹೇಳಿದ್ದು.

ಸಾಹೇಬರು ಬಯ್ಯಲಿಲ್ಲ. ಅವನ ಕೈ ಹಿಡಿದು ಬೆರಳುಗಳನ್ನು ತಿರುಗಿಸಿ ನೋಡಿದರು. "ಮೊದಲ ಬಹುಮಾನ ಇದಕ್ಕೇ. ಆದರೆ ಏನು ಮಾಡಲಿ, ಇದು ಹೆಂಗಸರ ಯೋಜನೆ. ಗಂಡಸರ ಹೆಸರು ಬರೆದರೆ ನನ್ನ ಕೆಲಸ ಹೋಗುತ್ತೆ. ಒಂದು ಕೆಲಸ ಮಾಡೋಣ. ನಿಮ್ಮ ಮನೆಯ ಹೆಣ್ಣುಮಕ್ಕಳು ಯಾರಾದರೂ ಇಲ್ಲಿ ಕಲೀತಿದ್ದಾರಾ? ಅವರ ಹೆಸರಿಗೆ ಬರೀತೀನಿ."

"ಮನ್ಯಾಗ ಯಾರೂ ಇಲ್ರಿ."

"ಆಗುವವರು?" ಎಂದರು ಸಾಹೇಬರು ನಗುತ್ತ.

ಆರು ತಿಂಗಳಿಂದ ಎದೆಯಲ್ಲಿ ಕೂತಿದ್ದ ಹೆಸರು ಕೇಳದೆಯೇ ಬಾಯಿಗೆ ಬಂತು. "ಬಂಡೆಮ್ಮ," ಎಂದ.

ಬಂಡೆಮ್ಮ ಮಣಿಯ ಗಿಳಿಯೊಂದನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದಳು. ಎಲ್ಲರೂ ಮೀಸೆಯ ಕಡೆಗೆ ನೋಡಿದರು. ಮೀಸೆ ಅತ್ತ ಅಲುಗಿತು, ಇತ್ತ ಅಲುಗಿತು. ಕೊನೆಗೆ ಯಮನೂರಪ್ಪ ಗದ್ದೆಪ್ಪನ ಕೊರಳು ಬಿಟ್ಟ.

"ಸುಳ್ಳು ಹೇಳಾವಲ್ಲ ನೋಡು," ಎಂದ. "ಸಾಹೇಬ್ರ ಮುಂದ ನಿಂತು ಖರೇ ಹೇಳಿದ. ಅಷ್ಟು ಗಂಡಸ್ತನ ನನಗ ಸಾಕು. ಬರೀರಿ ಸಾಹೇಬ್ರ, ನನ್ನ ತಂಗಿನೇ."

ಪಡಸಾಲೆಯೆಲ್ಲ ಹೋ ಎಂದಿತು. ಬಿಸ್ಮಿಲ್ಲಾ ಬೀ ಕನಕರಾಯನ ತಲೆ ಸವರಿ ನೆಟಿಗೆ ಮುರಿದಳು. ಗದ್ದೆಪ್ಪ ಕೊರಳು ತಿಕ್ಕಿಕೊಳ್ಳುತ್ತಲೇ "ನಾ ಹೇಳಿರ್ಲಿಲ್ಲೇನು?" ಎಂದು ಕಂಡಕಂಡವರಿಗೆ ಹೇಳಿದ. ಮದುವೆ ಶ್ರಾವಣದಲ್ಲೋ, ದೀಪಾವಳಿಯ ಮೇಲೋ ಎಂದು ಹಂಪಮ್ಮ ಅಲ್ಲೇ ಚರ್ಚೆ ಎತ್ತಿದಳು. ಕನಕರಾಯ ಪೋಣಿಸಿ ಮುಗಿಸಿದ ಸರ ಹಿಡಿದು, ಜಾತ್ರೆಯಲ್ಲಿ ಕಳೆದು ಸಿಕ್ಕ ಮಗುವಿನಂತೆ ನಿಂತಿದ್ದ. ಗಿಳಿಯ ಹಿಂದಿನಿಂದ ಎರಡು ಕಣ್ಣು ಅವನನ್ನೇ ನೋಡುತ್ತಿದ್ದವು.

ಸಾಹೇಬರ ಗುಮಾಸ್ತ ರಿಜಿಸ್ಟರಿನಲ್ಲಿ ಬಂಡೆಮ್ಮನ ಹೆಸರಿನ ಕೆಳಗೆ ಗೆರೆ ಎಳೆದು, ಸಹಿ ಹಾಕಿಸಿ, ಮೊಹರು ಒತ್ತಿ, ಚೀಲದಿಂದ ಒಂದು ಕಾಗದ ತೆಗೆದು ಗಟ್ಟಿಯಾಗಿ ಓದಿದ:

"ಪ್ರಥಮ ಸ್ಥಾನ ಪಡೆದ ಅಭ್ಯರ್ಥಿಯನ್ನು ರಾಯಚೂರಿನಲ್ಲಿ ಎರಡು ವರ್ಷಗಳ ಶಿಕ್ಷಕಿ ತರಬೇತಿಗೆ ಆಯ್ಕೆ ಮಾಡತಕ್ಕದ್ದು. ಬರುವ ಸೋಮವಾರ ಹಾಜರಾಗತಕ್ಕದ್ದು. ವಸತಿಗೃಹದಲ್ಲಿಯೇ ವಾಸಿಸತಕ್ಕದ್ದು. ತರಬೇತಿಯ ನಂತರ ಮೂರು ವರ್ಷ ನೇಮಿಸಿದ ಊರಿನಲ್ಲಿ ಸೇವೆ ಸಲ್ಲಿಸತಕ್ಕದ್ದು. ಈ ಐದು ವರ್ಷಗಳ ಅವಧಿಯಲ್ಲಿ ಅಭ್ಯರ್ಥಿಯು ವಿವಾಹವಾಗತಕ್ಕದ್ದಲ್ಲ."

ಹಂಪಮ್ಮನ ಶ್ರಾವಣ ಅರ್ಧಕ್ಕೇ ನಿಂತಿತು.

"ಏನ್ರೀ ಇದು?" ಎಂದರು ಸಾಹೇಬರು.

"ಕೆಳಗ ಸಣ್ಣ ಅಕ್ಷರದಾಗ ಐತ್ರಿ. ನಾನೂ ಈಗ ನೋಡಿದೆ," ಎಂದ ಗುಮಾಸ್ತ.

ಬಂಡೆಮ್ಮ ಗಿಳಿಯನ್ನು ಮೇಜಿನ ಮೇಲಿಟ್ಟು ಅದರ ಹಿಂದಿನಿಂದ ಹೊರಬಂದಳು. ಅಣ್ಣನನ್ನು ದಾಟಿ, ಹಂಪಮ್ಮನನ್ನು ದಾಟಿ, ಕನಕರಾಯನ ಎದುರಿಗೆ ನಿಂತಳು. ಅವಳ ಮುಖದಲ್ಲಿ ಅಳುವೂ ಇತ್ತು, ಅದರ ಹಿಂದೆ ಅವನು ಎಂದೂ ಕಾಣದಿದ್ದ ಇನ್ನೊಂದು ಬೆಳಕೂ ಇತ್ತು.

"ಕೆಲಸ ನಿಮ್ದು," ಎಂದಳು. "ಬ್ಯಾಡ ಅಂದ್ರ ಕಾಗದ ಹರದು ಒಗೀತೀನಿ. ಖರೇ ಹೇಳ್ತೀನಿ, ಒಗೀತೀನಿ. ಆದ್ರ... ನಾ ಮಾನ್ವಿ ಬಿಟ್ಟು ಒಂದೂರು ಕಂಡಿಲ್ರಿ. ಒಂದು ಪುಸ್ತಕ, ಒಂದು ಖುರ್ಚಿ, ನನ್ನ ಮುಂದ ಕಲಿಯಾಕ ಕುಂತ ಹುಡುಗ್ಯಾರು... ರೊಟ್ಟಿ ಬಡಿಯೂವಾಗೆಲ್ಲ ಅದೇ ಕಾಣ್ತಿತ್ತು. ಹೋಗ್ಲೇನ್ರಿ?"

ಅವಳು ಅವನೊಡನೆ ಇಷ್ಟು ಮಾತಾಡಿದ್ದು ಅದೇ ಮೊದಲು. ಬ್ಯಾಡ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಲ್ಲಿದ್ದ ಒಬ್ಬರೂ ಅವನನ್ನು ತಪ್ಪೆನ್ನುತ್ತಿರಲಿಲ್ಲ.

"ಹೋಗ್ರಿ," ಎಂದ ಕನಕರಾಯ.

"ಐದು ವರ್ಷ ರೀ."

"ಮೂವತ್ತನಾಕು ವರ್ಷ ಹಿಂಗೇ ಹೋಗ್ಯಾವ. ಐದು ಯಾವ ದೊಡ್ಡದು?"

ಅದು ಎಷ್ಟು ದೊಡ್ಡದೆಂದು ಹೇಳುವಾಗಲೇ ಅವನಿಗೆ ಗೊತ್ತಿತ್ತು.

ಜೀಪು ಹೋಯಿತು. ಜನ ಕರಗಿದರು. ಗದ್ದೆಪ್ಪ ಯಮನೂರಪ್ಪನ ಕೈಗೆ ಸಿಗದಂತೆ ಹಿಂಬಾಗಿಲಿನಿಂದ ಗಿರಣಿ ಸೇರಿದ. ಬೂದೆಮ್ಮ ಗೊಣಗುತ್ತ ಕಸ ಗುಡಿಸಿದಳು. ಇಬ್ಬರು ಹಮಾಲರು ಬೆಂಚು ಹೊತ್ತೊಯ್ದರು. ಕನಕರಾಯ ಮಂಡಳಿಯ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ಬಂಡೆಮ್ಮ ಕೈಯಲ್ಲಿ ಸೂಜಿ, ದಾರ, ಒಂದು ಬಟ್ಟಲು ಮಣಿ ಹಿಡಿದು ಬಂದಳು. ಒಂದು ಮೊಳ ದೂರ ಬಿಟ್ಟು ಕೂತಳು.

"ಈ ಐದೆಳಿ ಸರ ಹ್ಯಾಂಗ ಕಟ್ಟೂದು ಅಂತ ಸೋಮವಾರ ಅಲ್ಲಿ ಮೊದಲ ದಿನಾನೇ ಕೇಳ್ತಾರಂತ," ಎಂದಳು ತಲೆ ತಗ್ಗಿಸಿ. "ನನಗ ಬರಂಗಿಲ್ಲ. ಕಲಿಸ್ತೀರೇನು?"

ಕನಕರಾಯ ಸೂಜಿ ಇಸಿದುಕೊಂಡ. ಮೊದಲ ಎಳೆ ತೋರಿಸಿದ. ತೋರಿಸಿದ್ದನ್ನು ಬಿಚ್ಚಿ ಮತ್ತೆ ತೋರಿಸಿದ. ಎಷ್ಟು ನಿಧಾನ ಮಾಡಬಹುದೋ ಅಷ್ಟು ನಿಧಾನವಾಗಿ ಕಲಿಸಿದ.

ಬಂಡೆಮ್ಮ ಬಲು ಬೇಗ ಕಲಿತುಬಿಟ್ಟಳು.