ಮಣೆಗೆ ಮೊದಲು ಇಟ್ಟಿಗೆ

ಕಾಗದದ ಮೇಲೆ ಗೆರೆ ಸರಿಯಾಗಿ ಬಿದ್ದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂದು ನಂಬಿದವರ ಪೈಕಿ ನಾನೂ ಒಬ್ಬ. ಎಪ್ಪತ್ತರ ದಶಕದಲ್ಲಿ ರಾಯಚೂರಿನ ಒಂದು ಹತ್ತಿ ಗಿರಣಿಯಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುತ್ತಿದ್ದೆ. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡುವುದೇ ಒಂದು ಗತ್ತು. ಅದು ಇಳಿದದ್ದು ನಮ್ಮ ಅಡುಗೆಮನೆಯಲ್ಲಿ.

ದೇವದುರ್ಗದಿಂದ ನಮ್ಮಲ್ಲಿಗೆ ಬಂದ ಅವ್ವನಿಗೆ ಮೊಣಕಾಲು ನೋವು. ನೆಲದ ಮೇಲೆ ಕೂರಲೇಬಾರದು ಎಂದರು ಡಾಕ್ಟರು. ಇನ್ನು ರೊಟ್ಟಿ ನಾನು ಬಡಿಯುತ್ತೇನೆ ಎಂದಳು ನನ್ನ ಹೆಂಡತಿ. ಅವ್ವನ ಮುಖ ಬಾಡಿತು. "ರೊಟ್ಟಿನೂ ಬಿಟ್ರ ಈ ಮನ್ಯಾಗ ನನ್ನ ಕೆಲಸ ಏನದ ಯಪ್ಪಾ?" ಎಂದಳು. ಅಂದೇ ಕೂತು, ಅವಳು ಕೂರಲು ಎತ್ತರದ ಮಣೆಯೊಂದರ ನಕ್ಷೆ ಬರೆದೆ, ಮೂರೂ ಕಡೆಯಿಂದ ಕಾಣುವಂತೆ, ಅಳತೆ ಸಮೇತ.

ಮಾನ್ವಿಯ ಬಡಿಗ ಖಾಜಾಸಾಬರು ನಕ್ಷೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಕಟಿಗಿ ಕೊಯ್ಯೋಕ್ಕಿಂತ ಮೊದಲ ಯವ್ವನ್ನ ಹಂಗ ಕುಂಡ್ರಿಸಿ ನೋಡೋಣ್ರಿ" ಎಂದರು. ನಕ್ಷೆಯೇ ಇರುವಾಗ ನೋಡುವುದೇನು ಎಂದೆ. ಸಾಗುವಾನಿ ಮಣೆ ಬಂತು. ಅವ್ವ ಕೂತು, "ಭಾಳ ಚಲೋ ಅದ" ಎಂದಳು. ಮೂರು ದಿನ ಅದರ ಮೇಲೆಯೇ ರೊಟ್ಟಿ ಬಡಿದಳು. ನಾಲ್ಕನೆಯ ದಿನ ನೋಡಿದರೆ ಮಣೆಯ ಮೇಲೆ ನೀರಿನ ಕೊಡ, ಅವ್ವ ನೆಲದ ಮೇಲೆ. "ಕೊಡಕ್ಕ ಬರಾಬರಿ ಆಗ್ಯಾದ ನೋಡು" ಎಂದಳು.

ಖಾಜಾಸಾಬರು ಮತ್ತೆ ಬಂದರು. ಈ ಸಲ ಉಳಿ ತರಲಿಲ್ಲ, ನಾಲ್ಕು ಇಟ್ಟಿಗೆ, ಒಂದು ಗೋಣಿಚೀಲ ತಂದರು. ನನ್ನ ಮಣೆಯಷ್ಟೇ ಎತ್ತರಕ್ಕೆ ಇಟ್ಟಿಗೆ ಪೇರಿಸಿ, ಚೀಲ ಹಾಸಿ, ಅವ್ವನನ್ನು ಒಲೆಯ ಮುಂದೆ ಕೂರಿಸಿದರು. ಅವ್ವ ಒಂದು ರೊಟ್ಟಿ ಬಡಿದಳು.

"ಹ್ಯಾಂಗದ ಯವ್ವಾ?"

"ಚಲೋ ಅದ."

ಅವರು ಅವ್ವನ ಮುಖ ನೋಡಲಿಲ್ಲ, ರೊಟ್ಟಿ ನೋಡಿದರು. ಒಂದು ಮಗ್ಗುಲು ದಪ್ಪ. "ಯವ್ವ ಮಗನ ಮನಸು ನೋಯಿಸಂಗಿಲ್ರಿ. ರೊಟ್ಟಿ ಮಾತ್ರ ಖರೇ ಹೇಳ್ತದ" ಎಂದು ಒಂದು ಇಟ್ಟಿಗೆ ತೆಗೆದರು. ಮತ್ತೊಂದು ರೊಟ್ಟಿ, ಮತ್ತೊಂದು "ಚಲೋ ಅದ". ಇನ್ನೊಂದು ಇಟ್ಟಿಗೆ ಹೋಯಿತು. ಮುಂದಕ್ಕೆ ಬಾಗಲು ಅನುಕೂಲವಾಗುವಂತೆ ಚೀಲದಡಿ ಹಿಂಬದಿಗೆ ಹಲಗೆಯ ಚೂರೊಂದು ಸೇರಿತು. ಐದನೆಯ ರೊಟ್ಟಿ ದುಂಡಗೆ, ತೆಳ್ಳಗೆ ಬಂದು ಹಂಚಿನ ಮೇಲೆ ಉಬ್ಬಿತು. ಯಾರೂ ಕೇಳುವ ಮೊದಲೇ ಅವ್ವ ಆರನೆಯದಕ್ಕೆ ಹಿಟ್ಟು ಮಿದ್ದಿದಳು. ಖಾಜಾಸಾಬರು ಅಲ್ಲೇ ದಾರ ಹಿಡಿದು ಇಟ್ಟಿಗೆಗಳ ಅಳತೆ ತೆಗೆದುಕೊಂಡರು.

ಹೊಸ ಮಣೆಯ ಮೇಲೆ ಅವ್ವ ಬಹಳ ವರ್ಷ ರೊಟ್ಟಿ ಬಡಿದಳು. ಆದರೆ ಆ ಮೊದಲ ಮೂರು ದಿನಗಳನ್ನು ನೆನೆದರೆ ನನಗೆ ಇಂದಿಗೂ ನಾಚಿಕೆ. ಒಂದು ಮಗ್ಗುಲು ದಪ್ಪಗಿದ್ದ ರೊಟ್ಟಿಗಳು ಆಗಲೂ ನನ್ನ ತಟ್ಟೆಗೆ ಬಂದಿದ್ದವು. "ಹ್ಯಾಂಗದ ಯಪ್ಪಾ?" ಎಂದು ಅವ್ವ ಮೂರು ದಿನವೂ ಕೇಳಿದ್ದಳು. ಗಿರಣಿಯ ನಕ್ಷೆಯಿಂದ ತಲೆ ಎತ್ತದೆ ನಾನೂ ಹೇಳಿದ್ದೆ, "ಚಲೋ ಅದ."