ಬೆಲ್ಲಕ್ಕಿಂತ ಮೊದಲೇ ಅಚ್ಚಾದ ಸುದ್ದಿ

ಕಳೆದ ಫೆಬ್ರುವರಿಯ ಎರಡನೇ ಭಾನುವಾರ ಬೆಳಿಗ್ಗೆ ಹತ್ತೂವರೆ ಗಂಟೆಗೆ, ಬನ್ನೂರಿನಿಂದ ಸೋಮನಾಥಪುರಕ್ಕೆ ಹೋಗುವ ರಸ್ತೆಯ ಪಕ್ಕದ ಆಲೆಮನೆಯೊಂದರಲ್ಲಿ ಒಂದು ಕೊಪ್ಪರಿಗೆ ಬೆಲ್ಲ ಗಟ್ಟಿಯಾಗಲು ನಿರಾಕರಿಸಿತು. ಪ್ರಾಣಹಾನಿ ಸಂಭವಿಸಿಲ್ಲ. ಮಾನಹಾನಿಯ ವಿವರ ಕೆಳಗಿದೆ.

ನಾನು ಮೈಸೂರಿನ ಒಂದು ಪತ್ರಿಕೆಯಲ್ಲಿ ಜಿಲ್ಲಾ ಪುಟ ನೋಡಿಕೊಳ್ಳುವವನು. ತಾಲ್ಲೂಕುಗಳಿಂದ ಬರುವ ವರದಿಗಳಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗ. ಹೊಸದಾಗಿ ಸೇರಿದ ವರದಿಗಾರರಿಗೆ ಮೊದಲ ದಿನ ನಾನು ಹೇಳುವ ಮಾತು ಒಂದೇ: ನಡೆಯದೇ ಇರುವುದನ್ನು ನಡೆಯಿತು ಎಂದು ಬರೆಯಬೇಡಿ. ನಮ್ಮ ಟಿ. ನರಸೀಪುರದ ವರದಿಗಾರ ಒಮ್ಮೆ ಸಮಾರಂಭಕ್ಕೆ ಹೋಗದೆ, ಆಹ್ವಾನ ಪತ್ರಿಕೆ ನೋಡಿಯೇ ಸುದ್ದಿ ಬರೆದು, ಅಂದು ಬರಲೇ ಇಲ್ಲದ ಮುಖ್ಯ ಅತಿಥಿಯಿಂದ ಅರ್ಧ ಕಾಲಂ ಭಾಷಣ ಮಾಡಿಸಿದ್ದ. ಅವನನ್ನು ಕರೆಸಿ ಒಂದು ಗಂಟೆ ಬುದ್ಧಿ ಹೇಳಿದ್ದೆ. ಇದನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಅವನಂತೂ ಇಟ್ಟುಕೊಂಡಿದ್ದಾನೆ.

ಆಲೆಮನೆ ನನ್ನ ಹೆಂಡತಿ ಗಿರಿಜಾಳ ತಮ್ಮನದು. ಅವನ ಹೆಂಡತಿ ಶಿವಮ್ಮ, ಊರಿನ ಇನ್ನೂ ಏಳು ಹೆಂಗಸರ ಜೊತೆ, ನಂಜನಗೂಡಿನ ಕಡೆಯ ಒಂದು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಬೆಳಿಗ್ಗೆ ಆರು ದಾಟುವಷ್ಟರಲ್ಲಿ ವ್ಯಾನ್ ಬರುತ್ತದೆ. ಹತ್ತು ಜನ ಕೂರುವ ವ್ಯಾನಿನಲ್ಲಿ ಹದಿನೆಂಟು ಜನ. ಶಿವಮ್ಮನಿಗೆ ಗಾಳಿ ಇಲ್ಲದಿದ್ದರೆ ವಾಂತಿ. ಎರಡು ವರ್ಷ ಕಾದು, ಹಿರಿತನದ ಮೇಲೆ, ಅವಳು ಕಿಟಕಿ ಪಕ್ಕದ ಸೀಟು ಸಂಪಾದಿಸಿದ್ದಳು.

ಮನೆಯಲ್ಲೇ ಕಬ್ಬು ಇದೆ, ಆಲೆ ಇದೆ, ಬೆಲ್ಲವನ್ನು ಮಂಡಿಗೆ ಹಾಕುವ ಬದಲು ಸಣ್ಣ ಸಣ್ಣ ಗುಂಡು ಮಾಡಿ, ಶುಂಠಿ ಮೆಣಸು ಬೆರೆಸಿ, ಡಬ್ಬಕ್ಕೆ ಹಾಕಿ ನಾವೇ ಮಾರಿದರೆ ಏನು ಎಂದು ಯೋಚಿಸಿದ್ದು ಶಿವಮ್ಮ. ಮೈಸೂರಿನ ಒಂದು ದಿನಸಿ ಅಂಗಡಿಗೆ ಹೋಗಿ ಮಾತಾಡಿ ಬಂದವಳೂ ಅವಳೇ. ಒಂದು ಕೊಪ್ಪರಿಗೆಯ ಮಾಲು ತೋರಿಸಿ, ಹಿಡಿಸಿದರೆ ವಾರವಾರ ತಗೋತೀನಿ ಎಂದಿದ್ದರು ಅಂಗಡಿ ಯಜಮಾನರು. ಹಾಗಾದರೆ ಎಂಟು ಜನಕ್ಕೂ ವ್ಯಾನಿನಿಂದ ಬಿಡುಗಡೆ. ಇಷ್ಟನ್ನೂ ಶಿವಮ್ಮ ಯಾರ ಮಾರ್ಗದರ್ಶನವೂ ಇಲ್ಲದೆ ಮಾಡಿದ್ದಳು.

ಮಾರ್ಗದರ್ಶನದ ಕೊರತೆ ಇತ್ತಲ್ಲ, ಅದನ್ನು ನಾನು ತುಂಬಿದೆ.

‘ಕೃಷಿ ಆಧಾರಿತ ಉದ್ಯಮದಿಂದ ಹಳ್ಳಿ ಬದುಕು ಹಸನು’ ಎಂಬ ತಲೆಬರಹವನ್ನು ನಾನು ಸಣ್ಣ ಬದಲಾವಣೆಗಳೊಂದಿಗೆ ಎಷ್ಟೋ ವರ್ಷಗಳಿಂದ ಕೊಡುತ್ತಾ ಬಂದಿದ್ದೇನೆ. ಹೀಗಾಗಿ ಆ ವಿಷಯದಲ್ಲಿ ನನಗೆ ಪರಿಣತಿ ಇದೆ ಎಂಬ ಭಾವನೆ ನನ್ನಲ್ಲಿ ಬೇರೂರಿತ್ತು. ಆಲೆಮನೆಯ ಚಪ್ಪರದಡಿ ಎಂಟು ಜನರನ್ನೂ ಕೂರಿಸಿ ಸಭೆ ನಡೆಸಿದೆ. ಒಂದು ಕಾಲು ಅಲ್ಲಿ ಒಂದು ಕಾಲು ಇಲ್ಲಿ ಇಟ್ಟರೆ ಉದ್ಯಮ ಬೆಳೆಯುವುದಿಲ್ಲ ಎಂದು ಭಾಷಣ ಮಾಡಿದೆ. ಉಳಿದ ಏಳು ಜನ ತಲೆಯಾಡಿಸಿ, ಗಾರ್ಮೆಂಟ್ಸಿಗೆ ಮೂರು ದಿನ ರಜೆ ಹಾಕಿದರು. ಶಿವಮ್ಮ ಒಬ್ಬಳು ನನ್ನನ್ನು ನಂಬಿ ಕೆಲಸವನ್ನೇ ಬಿಟ್ಟಳು.

“ಕಿಟಕಿ ಸೀಟ ಪದ್ಮಂಗೆ ಬಿಟ್ಕೊಟ್ಟು ಬಂದೆ ಕಣಣ್ಣಾ,” ಅಂದಳು ಬುಧವಾರ ಸಂಜೆ. “ನೀವಿದ್ದೀರಲ್ಲ.”

ನಾನಿದ್ದೆ. ಅದೇ ತೊಂದರೆ.

ಬೆಲ್ಲದ ಪಾಕ ನೋಡುವವರು ಮಾದಯ್ಯ. ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದವರು. ಪ್ರತಿ ಸುಗ್ಗಿಗೂ ಬಂದು ಆಲೆಮನೆಯಲ್ಲೇ ಉಳಿಯುತ್ತಾರೆ. ಕುದಿಯುವ ಹಾಲನ್ನು, ಇಲ್ಲಿ ಕಬ್ಬಿನ ರಸಕ್ಕೆ ಹಾಲು ಎನ್ನುತ್ತಾರೆ, ನೋಡುತ್ತಾ ಗಂಟೆಗಟ್ಟಲೆ ಸುಮ್ಮನೆ ನಿಂತಿರುತ್ತಾರೆ. ಕೊನೆಗೆ ಒಂದು ತೊಟ್ಟು ಪಾಕವನ್ನು ತಣ್ಣೀರಿನ ತಟ್ಟೆಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ತಟ್ಟೆಯ ಅಂಚಿಗೆ ಎಸೆಯುತ್ತಾರೆ. ಟಕ್ ಎಂದರೆ ಇಳಿಸಬೇಕು. ಟಕ್ ಎನ್ನದಿದ್ದರೆ ಇಲ್ಲ. ಇದನ್ನು ನಾನು ಅವೈಜ್ಞಾನಿಕ ಎಂದು ನಿರ್ಧರಿಸಿ, ಮೈಸೂರಿನಿಂದ ಒಂದು ಥರ್ಮಾಮೀಟರ್ ತಂದೆ. ಗೇಟಿಗೆ ಒಂದು ಫ್ಲೆಕ್ಸ್ ಕಟ್ಟಿಸಿದೆ. ಅದರಲ್ಲಿ ಮಾದಯ್ಯನವರನ್ನು ‘ಹಿರಿಯ ಸಲಹೆಗಾರರು’ ಎಂದು ನಮೂದಿಸಿ, ಹೊಂಗೆ ಮರದ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಟ್ಟೆ. ಒಲೆಯಿಂದ ಆ ಕುರ್ಚಿ ನಲವತ್ತು ಹೆಜ್ಜೆ ದೂರ. ಫ್ಲೆಕ್ಸಿನ ಮೇಲ್ಭಾಗದಲ್ಲಿ ‘ಮಾರ್ಗದರ್ಶನ’ ಎಂದು ನನ್ನ ಹೆಸರಿತ್ತು. ಶಿವಮ್ಮನ ಹೆಸರು ಕೆಳಗೆ, ‘ಮತ್ತು ಸಂಗಡಿಗರು’ ಎಂಬುದರ ಪಕ್ಕದಲ್ಲಿ.

ಶುಕ್ರವಾರ ಮೊದಲ ಪ್ರಮಾದ ನಡೆಯಿತು. ಫೋಟೊಗೆ ಚೆನ್ನಾಗಿರಲಿ ಎಂದು, ಭಾನುವಾರ ಅರೆಯಬೇಕಾದ ಕಬ್ಬನ್ನು ಶುಕ್ರವಾರ ಬೆಳಿಗ್ಗೆಯೇ ಕಡಿಸಿದೆ. ತೊಳೆಸಿದೆ. ಒಂದೇ ಅಳತೆಗೆ ಕತ್ತರಿಸಿ, ರಸ್ತೆಗೆ ಕಾಣುವಂತೆ ಬಿಸಿಲಲ್ಲಿ ಒಟ್ಟಿಸಿದೆ. ಮಾದಯ್ಯ ಕುರ್ಚಿಯಿಂದ ಎದ್ದು ಬಂದು, ಕಡಿದ ದಿನವೇ ಗಾಣಕ್ಕೆ ಹೋಗದ ಕಬ್ಬು ಹುಳಿಯಾಗುತ್ತದೆ, ಹುಳಿಯಾದ ಹಾಲು ಬೆಲ್ಲ ಕಟ್ಟುವುದಿಲ್ಲ ಎಂದರು. ಸಲಹೆಯನ್ನು ಪರಿಶೀಲಿಸಲಾಗುವುದು ಎಂದೆ. ಅವರು ಕುರ್ಚಿಗೆ ಮರಳಿದರು. ನಾನು ಹನ್ನೊಂದು ಫೋಟೊ ತೆಗೆದೆ.

ಎರಡನೆಯದು ಸುಣ್ಣ. ಮಾದಯ್ಯ ಕೊಪ್ಪರಿಗೆಗೆ ಒಂದು ಚಿಪ್ಪು ಸುಣ್ಣದ ತಿಳಿನೀರು ಹಾಕುವುದು ವಾಡಿಕೆ. ನಮ್ಮ ಡಬ್ಬದ ಮೇಲೆ ನಾನು ‘ಸಂಪೂರ್ಣ ರಾಸಾಯನಿಕ ರಹಿತ’ ಎಂದು ಅಚ್ಚು ಹಾಕಿಸಿಯಾಗಿತ್ತು. ಕೊಳೆ ತೆಗೆಯಲು ಹಾಕುವ ಬೆಂಡೆ ಗಿಡದ ಲೋಳೆಗೆ ಅನುಮತಿ ನೀಡಿದೆ, ಬೆಂಡೆ ತರಕಾರಿ. ಸುಣ್ಣಕ್ಕೆ ನೀಡಲಿಲ್ಲ; ಸುಣ್ಣ ಗೋಡೆಗೆ ಬಳಿಯುವಂಥದ್ದು.

“ಸಾ, ಇದೇ ಸುಣ್ಣ ಎಲೆಅಡ್ಕೆಗೂ ಆಕ್ಕೊಂತೀವಿ,” ಅಂದರು ಮಾದಯ್ಯ.

ಎಲೆಅಡಿಕೆಯ ವಿಷಯ ಈ ಸಭೆಯ ಮುಂದಿಲ್ಲ ಎಂದೆ. ಹೆಂಗಸರು ನಕ್ಕರು. ಅವರು ನನ್ನ ಜಾಣತನಕ್ಕೆ ನಕ್ಕರು ಎಂದು ಅಂದು ನಾನು ತಿಳಿದೆ.

ಮೂರನೆಯದನ್ನು ಬರೆಯಲು ಕೈ ಹಿಂಜರಿಯುತ್ತದೆ. ನಮ್ಮ ಭಾನುವಾರದ ಜಿಲ್ಲಾ ಪುಟ ಶನಿವಾರ ಸಂಜೆಯೇ ಸಿದ್ಧವಾಗುತ್ತದೆ. ಬೆಲ್ಲ ಇಳಿಯುವುದು ಭಾನುವಾರ. ಸುದ್ದಿ ಸೋಮವಾರಕ್ಕೆ ಹಾಕಬಹುದಿತ್ತು. ಆದರೆ ಅಂಗಡಿ ಯಜಮಾನರು ಭಾನುವಾರವೇ ಬರುವವರಿದ್ದರು. ಅವರ ಕೈಯಲ್ಲಿ ಪೇಪರ್ ಇದ್ದರೆ ಚೆನ್ನ ಎನಿಸಿತು. ಶನಿವಾರ ಸಂಜೆ ಐದು ಗಂಟೆಗೆ ನಾನು ಹೀಗೆ ಬರೆದೆ: ‘ಬನ್ನೂರು ಸಮೀಪದ ಮಹಿಳೆಯರು ತಯಾರಿಸಿದ ರಾಸಾಯನಿಕ ರಹಿತ ಗುಂಡು ಬೆಲ್ಲದ ಮೊದಲ ಕೊಪ್ಪರಿಗೆ ಯಶಸ್ವಿಯಾಗಿ ಇಳಿಯಿತು. ಬೆಲ್ಲ ಗಟ್ಟಿಯಾಗಿದ್ದು, ಹೊಂಬಣ್ಣ ಹೊಂದಿದೆ.’ ಕೊನೆಗೆ, ಕೈ ಅಭ್ಯಾಸದಂತೆ, ಇನ್ನೊಂದು ಸಾಲು: ‘ಸಾರ್ವಜನಿಕರು ಆಲೆಮನೆಗೆ ಭೇಟಿ ನೀಡಬಹುದು.’

ಆ ಹೊತ್ತಿಗೆ ಒಲೆಗೆ ಬೆಂಕಿ ಕೂಡ ಹಾಕಿರಲಿಲ್ಲ.

ಭಾನುವಾರ ಬೆಳಿಗ್ಗೆ ಗಾಣ ಶುರುವಾಯಿತು. ಕಬ್ಬಿನ ಹಾಲು ಎಂದಿಗಿಂತ ಕಪ್ಪಗಿತ್ತು. ಅದು ಸಾವಯವದ ಲಕ್ಷಣ ಎಂದು ವಿವರಿಸಿದೆ. ಕುದಿ ಬಂತು, ನೊರೆ ಬಂತು, ಥರ್ಮಾಮೀಟರ್ ಹಿಡಿದು ಹಬೆಯ ಮುಂದೆ ನಿಂತೆ. ಕನ್ನಡಕ ಮಂಜಾಯಿತು. ಒರೆಸಿ ನೋಡಿದೆ: ನೂರ ಹದಿನೆಂಟು ಡಿಗ್ರಿ. ಇಳಿಸಿ ಎಂದು ಆದೇಶಿಸಿದೆ. ಭಾವಮೈದ ದೂರದ ಹೊಂಗೆ ಮರದ ಕಡೆ ನೋಡಿದ. ಮಾದಯ್ಯ ಇಲ್ಲ ಎಂಬಂತೆ ಸುಮ್ಮನೆ ತಲೆಯಾಡಿಸಿದರು. ನಾನು ಮತ್ತೊಮ್ಮೆ ಆದೇಶಿಸಿದೆ. ಇಳಿಸಿದರು.

ಹಲಗೆಯ ಅಚ್ಚುಗಳಿಗೆ ಪಾಕ ಸುರಿದು, ಎಂಟು ಜನ ಹೆಂಗಸರು ಸುತ್ತ ಕೂತರು. ಕಾಲು ಗಂಟೆ ಕಳೆಯಿತು. ಅರ್ಧ ಗಂಟೆ ಕಳೆಯಿತು. ಶಿವಮ್ಮ ಒಂದು ಅಚ್ಚನ್ನು ಮಗುಚಿದಳು. ಗುಂಡು ಬೀಳಬೇಕಿತ್ತು. ಒಂದು ಎಳೆ ಇಳಿಯಿತು. ಉದ್ದವಾಗಿ, ನಿಧಾನವಾಗಿ, ಯಾವ ಅವಸರವೂ ಇಲ್ಲದೆ.

ಬೀಸಣಿಗೆ ತನ್ನಿ ಎಂದೆ. ಎಂಟು ಜನ ಬೆಲ್ಲಕ್ಕೆ ಗಾಳಿ ಹಾಕಿದರು. ಎರಡು ಟೇಬಲ್ ಫ್ಯಾನ್ ತರಿಸಿದೆ. ಬೆಲ್ಲಕ್ಕೆ ಒಳ್ಳೆಯ ಗಾಳಿ ಸಿಕ್ಕಿತು. ಎಲ್ಲಿಂದಲೋ ಜೇನುಹುಳುಗಳೂ ಬಂದವು.

ಅಷ್ಟರಲ್ಲಿ ಮೊದಲ ಬೈಕು ಬಂತು. ಅದರ ಹಿಂದೆ ಆಟೊ. ಆಮೇಲೆ ಒಂದು ಟ್ರ್ಯಾಕ್ಟರ್ ತುಂಬ ಜನ. ಎಲ್ಲರ ಕೈಯಲ್ಲೂ ನಮ್ಮ ಪೇಪರ್. ಹಲವರ ಕೈಯಲ್ಲಿ ಸ್ಟೀಲ್ ಡಬ್ಬ. ಆಲೆಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ಈ ಸೀಮೆಯಲ್ಲಿ ಇಲ್ಲ. ದಾರಿಹೋಕನಿಗೂ ಒಂದು ಲೋಟ ಹಾಲು, ಒಂದು ತುಂಡು ಬಿಸಿ ಬೆಲ್ಲ ಕೊಡಬೇಕು. ಅದು ಎಲ್ಲರಿಗೂ ಗೊತ್ತು. ಪೇಪರಿನಲ್ಲಿ ಕರೆದರೆ ಜನ ಬರುತ್ತಾರೆ ಎಂಬುದು ಪೇಪರಿನವನಿಗೆ ಮಾತ್ರ ಹೊಳೆದಿರಲಿಲ್ಲ.

ಹತ್ತೂವರೆಗೆ ಅಂಗಡಿ ಯಜಮಾನರ ಕಾರು ನಿಂತಿತು. ಬಿಳಿ ಅಂಗಿ, ಮೆಲುಮಾತಿನ ಮನುಷ್ಯ. ಅಚ್ಚಿನ ಮುಂದೆ ಬಗ್ಗಿ, ಬೆರಳಿನಿಂದ ಮುಟ್ಟಿದರು. ಬೆರಳು ಬಂತು. ಬೆಲ್ಲವೂ ಜೊತೆಗೆ ಬಂತು. ಅವರು ಕೈ ಎತ್ತಿದಷ್ಟೂ ಎಳೆ ಉದ್ದವಾಯಿತು. ಇನ್ನೊಂದು ಕೈಯಲ್ಲಿ ಪೇಪರ್ ಬಿಡಿಸಿ ಓದಿದರು.

“ಇದರಲ್ಲಿ ಗಟ್ಟಿಯಾಗಿದೆ ಅಂತ ಬರೆದಿದೆಯಲ್ಲಾ,” ಎಂದರು.

ಡಬ್ಬ ಹಿಡಿದ ಜನ ನನ್ನನ್ನು ನೋಡಿದರು. ನಾನು ಥರ್ಮಾಮೀಟರನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

“ಬರೆದೋರು ಯಾರು?” ಎಂದು ಕೇಳಿದರು.

ಇಪ್ಪತ್ತಾರು ವರ್ಷ ಪತ್ರಿಕೆಯಲ್ಲಿ ದುಡಿದ ನಾನು, ಆ ಪ್ರಶ್ನೆಗೆ ಹೇಳಿದ ಉತ್ತರ ಇಲ್ಲಿ ದಾಖಲಾಗಬೇಕು. “ನಮ್ಮ ನರಸೀಪುರದ ವರದಿಗಾರ ಇರಬೇಕು,” ಅಂದೆ.

ಗಿರಿಜಾ ಪಕ್ಕದಲ್ಲೇ ನಿಂತಿದ್ದಳು. ಅವಳು ಜೋರಾಗಿ ಮಾತಾಡುವವಳಲ್ಲ. “ಇವರೇ ಬರೆದಿದ್ದು, ನಿನ್ನೆ ಸಾಯಂಕಾಲ,” ಎಂದಳು. “ನಮ್ಮನೆ ಊಟದ ಮೇಜಿನ ಮೇಲೆ.”

ಅಂಗಡಿ ಯಜಮಾನರು ಕೈ ತೊಳೆಯಲು ನೀರು ಕೇಳಿದರು. ತೊಳೆದುಕೊಂಡು, ಶಿವಮ್ಮನಿಗೆ ನಮಸ್ಕಾರ ಮಾಡಿದರು. ಮಾಲು ಒಂದೆರಡು ಸಲ ಕೆಡುವುದು ಸಹಜ, ಅದಕ್ಕೆ ಬೇಸರವಿಲ್ಲ ಎಂದರು. ಆದರೆ ಕೆಟ್ಟದ್ದನ್ನು ಚೆನ್ನಾಗಿದೆ ಎಂದು ಅಚ್ಚು ಹಾಕಿಸುವವರ ಡಬ್ಬವನ್ನು ಗಿರಾಕಿಗೆ ಹೇಗೆ ಕೊಡಲಿ ಎಂದರು. ಶಿವಮ್ಮ ನೆಲ ನೋಡುತ್ತಿದ್ದಳು. ಅವಳ ಮೊಣಕೈವರೆಗೂ ಬೆಲ್ಲ ಮೆತ್ತಿತ್ತು. ಕಾರು ಹೊರಟಿತು.

ಉಳಿದ ಜನ ಹೊರಡಲಿಲ್ಲ. ಬೆಲ್ಲ ನೀರಾಗಿದ್ದರಿಂದ ಅವರು ತಂದ ಡಬ್ಬಗಳಿಗೆ ತುಂಬಲು ಅನುಕೂಲವೇ ಆಯಿತು. ಮಧ್ಯಾಹ್ನದ ಹೊತ್ತಿಗೆ ಅಚ್ಚುಗಳೆಲ್ಲ ಖಾಲಿ. ದೋಸೆಗೆ ಚೆನ್ನಾಗಿರುತ್ತೆ ಎಂದು ಒಬ್ಬರು ನನ್ನ ಬೆನ್ನು ತಟ್ಟಿದರು. ಕೈ ಅಂಗಿಗೆ ಅಂಟಿಕೊಂಡಿತು.

ಅವರೆಲ್ಲ ಹೋದ ಮೇಲೆ ನಾನು ಹೊಂಗೆ ಮರದ ಹತ್ತಿರ ಹೋದೆ. ತಪ್ಪಾಯಿತು ಎಂದು ಹೇಳಬೇಕೆಂದಿದ್ದೆ. ಬಾಯಿಂದ ಬಂದದ್ದು, “ಎಲ್ಲಿ ತಪ್ಪಾಗಿರಬಹುದು ಮಾದಯ್ಯನವರೇ?”

ಅವರು ಎಲೆಗೆ ಸುಣ್ಣ ಸವರುತ್ತಿದ್ದರು. “ನೀವು ಓದ್ದೋರು ಸಾ,” ಅಂದರು. “ನಂಗೇನು ಗೊತ್ತು, ನಾನು ಸಲಹೆಗಾರ.”

ಶಿವಮ್ಮ ಅಚ್ಚುಗಳನ್ನು ಬಿಸಿನೀರಲ್ಲಿ ತೊಳೆಯುತ್ತಿದ್ದಳು. ನಾನು ಸಹಾಯಕ್ಕೆ ಕೈ ಹಾಕಿದೆ. “ಬ್ಯಾಡ ಬುಡಣ್ಣಾ, ನೀವು ಕೂತ್ಕಳಿ,” ಅಂದಳು. ಬೈದಿದ್ದರೆ ವಾಸಿಯಿತ್ತು. ಮಾದಯ್ಯ ಎದ್ದರು. ನಾನು ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಅಲ್ಲಿಂದ ಆಲೆಮನೆ ಚೆನ್ನಾಗಿ ಕಾಣುತ್ತದೆ; ಮಾಡುವುದಕ್ಕೆ ಮಾತ್ರ ಏನೂ ಇರುವುದಿಲ್ಲ.

ಮಂಗಳವಾರ ಪುಟ ನಾಲ್ಕರಲ್ಲಿ, ಕೆಳಗಿನ ಮೂಲೆಯಲ್ಲಿ, ಮೂರು ಸಾಲಿನ ತಿದ್ದುಪಡಿ ಪ್ರಕಟವಾಯಿತು: ‘ಭಾನುವಾರ ಪ್ರಕಟವಾದ ಸುದ್ದಿಯಲ್ಲಿ ಬೆಲ್ಲ ಗಟ್ಟಿಯಾಗಿದೆ ಎಂದಿತ್ತು. ಬೆಲ್ಲ ಗಟ್ಟಿಯಾಗಿರಲಿಲ್ಲ. ಪ್ರಮಾದಕ್ಕೆ ವಿಷಾದಿಸುತ್ತೇವೆ.’ ಅದನ್ನು ಬರೆದವನು ನಾನೇ. ನರಸೀಪುರದ ವರದಿಗಾರ ಅದನ್ನು ಕತ್ತರಿಸಿ, ಫೋಟೊ ತೆಗೆದು ನನಗೆ ಕಳಿಸಿದ. ಜೊತೆಗೆ ಒಂದೇ ಸಾಲು: ‘ಸಾರ್, ಮುಖ್ಯ ಅತಿಥಿ ಬಂದಿದ್ದರೇ?’

ಅದೇ ಮಂಗಳವಾರ ಮಾದಯ್ಯ ಬೆಳಿಗ್ಗೆ ಕಡಿದ ಕಬ್ಬನ್ನು ಬೆಳಿಗ್ಗೆಯೇ ಅರೆಸಿ, ಒಂದು ಚಿಪ್ಪು ಸುಣ್ಣದ ತಿಳಿ ಹಾಕಿ, ಟಕ್ ಎನ್ನಿಸಿ ಕೊಪ್ಪರಿಗೆ ಇಳಿಸಿದರು. ಗುಂಡುಗಳು ಕಲ್ಲಿನಂತೆ ಕಟ್ಟಿದವು. ನಾನು ಅಲ್ಲಿರಲಿಲ್ಲ, ಇದು ಗಿರಿಜಾ ಫೋನಿನಲ್ಲಿ ತಿಳಿದು ಹೇಳಿದ್ದು. ಶಿವಮ್ಮ ಅವನ್ನು ಡಬ್ಬದಲ್ಲಿಟ್ಟುಕೊಂಡು ಮೈಸೂರಿಗೆ ಹೋದಳು. ಅಂಗಡಿ ಯಜಮಾನರು ಒಂದು ಗುಂಡು ಬಾಯಿಗೆ ಹಾಕಿಕೊಂಡು, ಚೆನ್ನಾಗಿದೆ ಎಂದರು. ಆ ಜಾಗಕ್ಕೆ ಬೇರೆಯವರ ಮಾಲು ಒಪ್ಪಿಯಾಗಿದೆ, ಮುಂದಿನ ಸುಗ್ಗಿಗೆ ನೋಡೋಣ ಎಂದೂ ಹೇಳಿದರು.

ಫ್ಲೆಕ್ಸ್ ಈಗ ಆಲೆಮನೆಯ ಹಿಂದೆ ಸೌದೆಯ ಮೇಲೆ ಹೊದಿಸಿದೆ. ನನ್ನ ಹೆಸರು ಕೆಳಮುಖವಾಗಿದೆ.

ರಜೆ ಹಾಕಿದ್ದ ಏಳು ಜನ ಬುಧವಾರವೇ ಗಾರ್ಮೆಂಟ್ಸಿಗೆ ಮರಳಿದರು. ಶಿವಮ್ಮನನ್ನು ವಾಪಸ್ ತೆಗೆದುಕೊಳ್ಳಲು ಹದಿನೈದು ದಿನ ಹಿಡಿಯಿತು. ಕಿಟಕಿ ಪಕ್ಕದ ಸೀಟಿನಲ್ಲಿ ಪದ್ಮ ಇದ್ದಾಳೆ. ಮೊನ್ನೆ ಸೋಮವಾರ ನಾವು ಊರಿನಲ್ಲಿದ್ದೆವು. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ವ್ಯಾನ್ ಬಂತು. ಶಿವಮ್ಮ ಡ್ರೈವರ್ ಪಕ್ಕದ ಎಂಜಿನ್ ಮೇಲೆ, ಮಡಿಸಿದ ಗೋಣಿಚೀಲ ಹಾಕಿಕೊಂಡು, ಕೈಯಲ್ಲಿ ಒಂದು ನಿಂಬೆಹಣ್ಣು ಹಿಡಿದು ಕೂತಳು. ವ್ಯಾನ್ ನಂಜನಗೂಡಿನ ಕಡೆ ಹೊರಟಿತು.